ಬ್ಯಾಡ್ಜ್ ಕೊಟ್ಟಾಯಿತು, ಕೆಲಸ ಯಾವಾಗ ಕೊಡುತ್ತೀರಿ?

ಪ್ರಶ್ನೆ: ಕಥೋಲಿಕ ಸಿಸ್ಟರ್‌ಗಳು ನಡೆಸುವ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಟೀಚರ್. ಈ ವರ್ಷ ವಿದ್ಯಾರ್ಥಿನಿಯರ ಮಂಡಳಿಯ ಜವಾಬ್ದಾರಿ ನನ್ನ ತಲೆಗೆ ಬಂದಿದೆ. ವರ್ಷದ ಶುರುವಿನಲ್ಲಿ ದೊಡ್ಡ ಸಮಾರಂಭ, ಬ್ಯಾಡ್ಜು, ಪ್ರಮಾಣವಚನ ಎಲ್ಲ ಆಗುತ್ತದೆ. ಆಮೇಲೆ ಆ ಹುಡುಗಿಯರು ಸಾಲು ನಿಲ್ಲಿಸುವುದು, ಮಾತಾಡಿದವರ ಹೆಸರು ಬರೆಯುವುದು ಬಿಟ್ಟರೆ ಬೇರೇನೂ ಮಾಡುವುದಿಲ್ಲ. ನಾನು ಕಥೋಲಿಕಳಲ್ಲ, ಮಕ್ಕಳಲ್ಲೂ ಅನೇಕರು ಬೇರೆ ಧರ್ಮದವರು. ‘ನಾವೆಲ್ಲ ಒಂದೇ ಕುಟುಂಬ’ ಅಂತ ಶಾಲೆಯಲ್ಲಿ ಹೇಳುತ್ತಲೇ ಇರುತ್ತಾರೆ. ಆ ಮಾತನ್ನು ನಿಜ ಮಾಡಲು ಈ ಮಂಡಳಿಯಿಂದ ಏನಾದರೂ ಆಗುತ್ತದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ನಾನೇ ನಿಮ್ಮನ್ನು ಒಂದು ಕೇಳುತ್ತೇನೆ. ನಿಮ್ಮ ಹೆಡ್ ಗರ್ಲ್ ಯಾರ ಅಪ್ಪಣೆಯೂ ಇಲ್ಲದೆ ತಾನೇ ತೀರ್ಮಾನ ಮಾಡಬಹುದಾದ ಒಂದು ವಿಷಯ ಹೇಳಿ ನೋಡೋಣ. ಚಿಕ್ಕದಾದರೂ ಪರವಾಗಿಲ್ಲ. ಈ ಪ್ರಶ್ನೆ ಕೇಳಿದಾಗ ಬಹಳಷ್ಟು ಟೀಚರ್‌ಗಳು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಮೈಕ್ ಹಿಡಿಯುವವಳು ಹುಡುಗಿ, ಅವಳು ಓದುವ ಕಾಗದ ಬರೆದವರು ಟೀಚರ್. ಅತಿಥಿಗೆ ಹೂಗುಚ್ಛ ಕೊಡುವವಳು ಹುಡುಗಿ, ಅತಿಥಿ ಯಾರು ಅಂತ ಅವಳಿಗೆ ಗೊತ್ತಾಗುವುದೇ ಹಿಂದಿನ ದಿನ. ಹೀಗಿರುವಾಗ ಅವರು ಹೆಸರು ಬರೆಯುತ್ತಾ ನಿಂತಿರುವುದರಲ್ಲಿ ಆಶ್ಚರ್ಯ ಏನಿದೆ? ಅವರ ಕೈಗೆ ಸಿಕ್ಕ ಅಧಿಕಾರ ಅದೊಂದೇ.

ಮಜಾ ಅಂದರೆ, ಇದಕ್ಕೆ ಮದ್ದು ಕಥೋಲಿಕರ ಮನೆಯಲ್ಲೇ ಇದೆ. 1931ರಲ್ಲಿ ಪೋಪ್ ಹನ್ನೊಂದನೇ ಪಯಸ್ ‘ಕ್ವಾದ್ರಜೆಸಿಮೊ ಆನ್ನೊ’ ಅಂತ ಒಂದು ಪತ್ರ ಹೊರಡಿಸಿದರು. ಅದು ಶಾಲೆಯ ಬಗ್ಗೆ ಬರೆದದ್ದಲ್ಲ. ಕೂಲಿ, ಬಂಡವಾಳ, ಸರ್ಕಾರ ಅದರ ವಿಷಯ. ಆದರೆ ಅದರಲ್ಲೊಂದು ತತ್ವ ಇದೆ: ಚಿಕ್ಕ ಗುಂಪೊಂದು ತಾನೇ ಮಾಡಿಕೊಳ್ಳಬಲ್ಲ ಕೆಲಸವನ್ನು ಮೇಲಿನ ದೊಡ್ಡ ಸಂಸ್ಥೆ ಕಿತ್ತುಕೊಳ್ಳುವುದು ಅನ್ಯಾಯ. ‘ಅನ್ಯಾಯ’ ಅಂತಲೇ ಬರೆದಿದ್ದಾರೆ, ನೋಡಿ. ಇದರ ಇನ್ನೊಂದು ಮಗ್ಗುಲೂ ಇದೆ. ಚಿಕ್ಕವರ ಕೈಲಾಗದಿದ್ದಾಗ ದೊಡ್ಡವರು ನೆರವಿಗೆ ಬರಲೇಬೇಕು. ಅಂದರೆ ಮಕ್ಕಳ ಮೇಲೆ ಎಲ್ಲ ಹೊರಿಸಿ ನಾವು ಸ್ಟಾಫ್ ರೂಮಿನಲ್ಲಿ ಕೂತುಬಿಡುವ ಹಾಗೂ ಇಲ್ಲ. ಪ್ರಿನ್ಸಿಪಾಲ್ ಸಿಸ್ಟರ್ ಹತ್ತಿರ ಮಾತಾಡುವಾಗ ಈ ತತ್ವದಿಂದಲೇ ಶುರು ಮಾಡಿ. ಹೊರಗಿನಿಂದ ತಂದ ಮ್ಯಾನೇಜ್‌ಮೆಂಟ್ ಪಾಠಕ್ಕಿಂತ ಅವರಿಗೆ ಇದು ಬೇಗ ಮನಸ್ಸಿಗೆ ಹೋಗುತ್ತದೆ.

ಇದನ್ನು ಬೆಳಗಿನ ಅಸೆಂಬ್ಲಿಯಲ್ಲಿ ಪರೀಕ್ಷೆ ಮಾಡಿ ನೋಡಿ. ವಾರದಲ್ಲಿ ಒಂದು ದಿನದ ಅಸೆಂಬ್ಲಿಯನ್ನು ಪೂರ್ತಿ ಹುಡುಗಿಯರಿಗೆ ಬಿಟ್ಟುಕೊಡಿ. ಯಾವ ಹಾಡು, ಯಾವ ಪ್ರಾರ್ಥನೆ, ಯಾರು ಓದುತ್ತಾರೆ, ಎಷ್ಟು ಹೊತ್ತು, ಎಲ್ಲ ಅವರದೇ. ಮೊದಲ ಸಲ ಖಂಡಿತ ಕೆಡುತ್ತದೆ. ಹಾಡನ್ನು ತೀರಾ ಎತ್ತರದ ಸ್ವರದಲ್ಲಿ ಹಿಡಿಯುತ್ತಾರೆ, ಎರಡನೇ ಸಾಲಿಗೆ ಅರ್ಧ ಶಾಲೆ ಬಾಯಿ ಮುಚ್ಚುತ್ತದೆ. ಓದುವವಳು ಮೈಕಿನಿಂದ ಒಂದು ಮೊಳ ದೂರ ನಿಂತಿರುತ್ತಾಳೆ. ಯಾರೋ ನಗುತ್ತಾರೆ. ಆಗ ನಿಮ್ಮ ಪಕ್ಕದಲ್ಲಿರುವ ಹಿರಿಯ ಟೀಚರ್ ‘ನಾನು ಹೇಳಿರಲಿಲ್ವಾ?’ ಅನ್ನುವ ಮುಖ ಮಾಡುತ್ತಾರೆ. ನೀವು ಮುಂದೆ ಹೋಗಿ ಮೈಕ್ ಸರಿ ಮಾಡಬೇಡಿ. ಮುಗಿದ ಮೇಲೆ ಆ ತಂಡದವರನ್ನು ಕೂರಿಸಿಕೊಂಡು ಎರಡೇ ಪ್ರಶ್ನೆ ಕೇಳಿ: ಹಿಂದಿನ ಸಾಲಿನವರಿಗೆ ಏನು ಕೇಳಿಸಿತು? ಮುಂದಿನ ವಾರದ ತಂಡಕ್ಕೆ ಏನು ಹೇಳಿ ಕೊಡುತ್ತೀರಿ? ಆ ಮಾತನ್ನು ಒಂದು ಪುಸ್ತಕದಲ್ಲಿ ಬರೆಸಿ. ಕೆಲವು ವಾರಗಳಲ್ಲಿ ಆ ಪುಸ್ತಕ ನಿಮಗಿಂತ ಚೆನ್ನಾಗಿ ಪಾಠ ಮಾಡುತ್ತದೆ.

ಇನ್ನು ಹೆಸರು ಬರೆಯುವ ಕೆಲಸ. ಅದನ್ನು ನಿಲ್ಲಿಸಿ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಹದಿನೈದು ವರ್ಷದವಳಿಗೆ ಹನ್ನೆರಡು ವರ್ಷದವಳನ್ನು ಶಿಕ್ಷೆಗೆ ಒಪ್ಪಿಸುವ ಅಧಿಕಾರ ಕೊಟ್ಟರೆ ಇಬ್ಬರೂ ಕೆಟ್ಟದ್ದನ್ನೇ ಕಲಿಯುತ್ತಾರೆ. ಗೆಳತಿಯ ಹೆಸರು ಬಿಟ್ಟುಹೋಗುತ್ತದೆ, ಆಗದವಳ ಹೆಸರು ಮೊದಲು ಬರುತ್ತದೆ. ಬರೆದದ್ದು ಸುಳ್ಳು ಅಂತ ಹೇಳಲು ಚಿಕ್ಕವಳಿಗೆ ಜಾಗವೂ ಇರುವುದಿಲ್ಲ. ಶಿಸ್ತು ನೋಡುವುದು ಸಂಬಳ ತೆಗೆದುಕೊಳ್ಳುವ ದೊಡ್ಡವರ ಕೆಲಸ.

ಹಾಗಾದರೆ ಬೆಳಿಗ್ಗೆ ಗೇಟಿನಲ್ಲಿ ನಿಲ್ಲುವ ಹುಡುಗಿಯರು ಏನು ಮಾಡಬೇಕು? ಬರಮಾಡಿಕೊಳ್ಳಬೇಕು. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ಮಠಗಳಿಗೆ ಬರೆದ ನಿಯಮಾವಳಿಯಲ್ಲಿ ಬಾಗಿಲು ಕಾಯುವವನಿಗೆಂದೇ ಒಂದು ಅಧ್ಯಾಯ ಇದೆ. ಬಾಗಿಲಿಗೆ ಬಂದವರಿಗೆ ತಕ್ಷಣ ಓಗೊಡಬೇಕು, ಪ್ರೀತಿಯಿಂದ ಮಾತಾಡಬೇಕು ಅಂತ ಅದರಲ್ಲಿ ಹೇಳಿದೆ. ಅತಿಥಿಯನ್ನು ಕ್ರಿಸ್ತನನ್ನೇ ಬರಮಾಡಿಕೊಂಡ ಹಾಗೆ ಬರಮಾಡಿಕೊಳ್ಳಿ ಅನ್ನುವುದು ಇನ್ನೊಂದು ಅಧ್ಯಾಯದ ಮಾತು. ತಡವಾಗಿ ಬಂದ ಹುಡುಗಿಗೆ ಗೇಟಿನಲ್ಲಿ ಸಿಗುವ ಮೊದಲ ಮಾತು ‘ನಿನ್ನ ಹೆಸರು ಏನು, ಯಾವ ಕ್ಲಾಸು?’ ಅನ್ನುವ ಬದಲು ‘ಬಾ, ಆರಾಮಿದ್ದೀಯಾ?’ ಅಂತ ಇದ್ದರೆ, ಅವಳು ಯಾಕೆ ತಡ ಮಾಡಿದಳು ಅನ್ನುವುದು ತಾನಾಗಿ ಹೊರಗೆ ಬರುತ್ತದೆ. ಬಹಳ ಸಲ ಆ ಕಾರಣ ಶಾಲೆಗೆ ಗೊತ್ತಾಗಬೇಕಾದ್ದೇ ಆಗಿರುತ್ತದೆ.

ಇದರ ಜೊತೆಗೆ, ಹೊಸದಾಗಿ ಸೇರಿದ ಪ್ರತಿಯೊಬ್ಬಳಿಗೂ ಮೇಲಿನ ತರಗತಿಯ ಒಬ್ಬಳನ್ನು ಅಕ್ಕನಾಗಿ ಜೋಡಿಸಿ. ಬಹಳ ಶಾಲೆಗಳಲ್ಲಿ ಈ ಪದ್ಧತಿ ಇದೆ, ಆದರೆ ಮೊದಲ ವಾರ ಒಂದು ಆಟ ಆಡಿಸಿ ಬಿಟ್ಟುಬಿಡುತ್ತಾರೆ. ನಿಜವಾಗಿ ಅಕ್ಕ ಬೇಕಾಗುವುದು ಎರಡನೇ ತಿಂಗಳಿನಲ್ಲಿ. ಅಷ್ಟರಲ್ಲಿ ಗೆಳೆತನದ ಗುಂಪುಗಳು ಗಟ್ಟಿಯಾಗಿರುತ್ತವೆ, ಯಾವ ಗುಂಪಿಗೂ ಸೇರದವಳು ಊಟದ ಹೊತ್ತಿನಲ್ಲಿ ಲೈಬ್ರರಿಗೆ ಹೋಗಲು ಶುರು ಮಾಡಿರುತ್ತಾಳೆ. ಅವಳಿಗೆ ಓದಿನ ಹುಚ್ಚು ಅಂತ ನಾವು ಖುಷಿ ಪಡುತ್ತೇವೆ. ಜೊತೆಯಲ್ಲಿ ಕೂರಲು ಯಾರೂ ಇಲ್ಲದೆ ಅವಳು ಅಲ್ಲಿಗೆ ಹೋಗುತ್ತಿದ್ದಾಳೆ ಅನ್ನುವುದು ಮೇಲಿನ ತರಗತಿಯ ಹುಡುಗಿಗೆ ಒಂದೇ ನೋಟದಲ್ಲಿ ಗೊತ್ತಾಗುತ್ತದೆ. ಉರ್ಸುಲೈನ್ ಅನ್ನುವ ಕಥೋಲಿಕ ಹೆಂಗಸರ ಸಂಘವನ್ನು 1535ರಲ್ಲಿ ಇಟಲಿಯ ಬ್ರೆಷಾದಲ್ಲಿ ಕಟ್ಟಿದ ಆಂಜೆಲಾ ಮೆರಿಚಿ ತಮ್ಮ ಮುಂದಾಳುಗಳಿಗೆ ಇದನ್ನೇ ಹೇಳಿದ್ದರು: ಪ್ರತಿಯೊಬ್ಬಳನ್ನೂ ಮನಸ್ಸಿನಲ್ಲಿ ಕೆತ್ತಿಟ್ಟುಕೊಳ್ಳಿ, ಬರೀ ಹೆಸರನ್ನಲ್ಲ, ಅವಳ ಸ್ವಭಾವ, ಅವಳ ಪರಿಸ್ಥಿತಿ ಎಲ್ಲವನ್ನೂ. ಒಂದೇ ಕುಟುಂಬ ಅನ್ನುವ ಮಾತಿಗೆ ಅರ್ಥ ಬರುವುದು ಇಲ್ಲಿ. ಊಟದ ಬೆಂಚಿನಲ್ಲಿ ಒಬ್ಬಳೇ ಕೂತವಳು ಯಾರ ಕಣ್ಣಿಗೂ ಬೀಳದಿದ್ದರೆ ವಾರ್ಷಿಕೋತ್ಸವದ ಭಾಷಣದಲ್ಲಿ ಕುಟುಂಬ ಅಂತ ಎಷ್ಟು ಸಲ ಹೇಳಿದರೂ ಅಷ್ಟೇ.

ಅಕ್ಕಂದಿರಿಗೆ ಒಂದು ವಿಷಯ ಮಾತ್ರ ಮೊದಲ ದಿನವೇ ಖಡಾಖಂಡಿತವಾಗಿ ಹೇಳಿಬಿಡಿ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬಾರದು. ತಂಗಿ ಬಂದು ಮನೆಯಲ್ಲಿ ಹೊಡೆತ, ಮೈ ಮುಟ್ಟುವವರು, ತನಗೆ ತಾನೇ ಗಾಯ ಮಾಡಿಕೊಳ್ಳುವುದು, ಇಂಥ ಏನನ್ನಾದರೂ ಹೇಳಿದರೆ ಪೂರ್ತಿ ಕೇಳಿಸಿಕೊಳ್ಳಬೇಕು. ‘ಇದನ್ನು ನಾನೊಬ್ಬಳೇ ಇಟ್ಟುಕೊಳ್ಳಲು ಆಗಲ್ಲ, ಇಬ್ಬರೂ ಸೇರಿ ಟೀಚರ್ ಹತ್ತಿರ ಹೋಗೋಣ’ ಅನ್ನಬೇಕು. ಅವತ್ತೇ ದೊಡ್ಡವರಿಗೆ ತಿಳಿಸಬೇಕು. ಯಾವ ದೊಡ್ಡವರಿಗೆ ಅನ್ನುವುದೂ ಹೆಸರು ಸಮೇತ ಗೊತ್ತಿರಬೇಕು. ಒಳ್ಳೆಯ ಹುಡುಗಿಯರು ಇನ್ನೊಬ್ಬರ ಗುಟ್ಟನ್ನು ಹೊತ್ತುಕೊಂಡು ರಾತ್ರಿ ನಿದ್ದೆ ಬಿಡುತ್ತಾರೆ. ಆ ಹೊರೆ ಮಕ್ಕಳದಲ್ಲ.

ಆಯ್ಕೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಟೀಚರ್‌ಗಳೇ ಆರಿಸಿದರೆ ಮಾರ್ಕ್ಸ್ ಚೆನ್ನಾಗಿರುವ, ಎದುರು ಮಾತಾಡದ ಹುಡುಗಿಯರೇ ಬರುತ್ತಾರೆ. ಬರೀ ಓಟು ಹಾಕಿಸಿದರೆ ನಗುನಗುತ್ತಾ ಎಲ್ಲರಿಗೂ ಬೇಕಾದವಳು ಗೆಲ್ಲುತ್ತಾಳೆ, ಸೋತವಳು ಮೂರು ದಿನ ಅಳುತ್ತಾಳೆ. ನಾನು ಹೇಳುವುದು ಎರಡನ್ನೂ ಸ್ವಲ್ಪ ಬೆರೆಸಿ ಅಂತ. ಹೆಡ್ ಗರ್ಲ್‌ಗೆ ಓಟು ಇರಲಿ. ಎಣಿಕೆ ಹುಡುಗಿಯರ ಮುಂದೆಯೇ ನಡೆಯಲಿ. ಒಳಗೆ ಎಣಿಸಿ ಹೊರಗೆ ಬಂದು ಹೆಸರು ಹೇಳಿದರೆ ‘ಮೊದಲೇ ಫಿಕ್ಸ್ ಆಗಿತ್ತು’ ಅನ್ನುವ ಮಾತು ವರ್ಷವಿಡೀ ಓಡಾಡುತ್ತದೆ. ಬೇರೆ ಹುದ್ದೆಗಳಿಗೆ ಅರ್ಜಿ ಕರೆಯಿರಿ. ಅರ್ಜಿಯಲ್ಲಿ ‘ನನ್ನ ಗುಣಗಳು’ ಅಂತ ಬರೆಸಬೇಡಿ. ‘ಈ ಶಾಲೆಯಲ್ಲಿ ನಾನು ಸರಿ ಮಾಡಬೇಕು ಅಂದುಕೊಂಡಿರುವ ಒಂದು ಕೆಲಸ’ ಅಂತ ಬರೆಸಿ. ಸಂಕೋಚದ ಹುಡುಗಿಯರು, ಕೊನೆ ಬೆಂಚಿನವರು ಆಗ ಬೆಳಕಿಗೆ ಬರುತ್ತಾರೆ. ವೇದಿಕೆ ಮೇಲೆ ಒಂದು ಮಾತೂ ಆಡದವಳು ಕ್ರೀಡಾ ಸಾಮಾನಿನ ಕೋಣೆಯ ಲೆಕ್ಕವನ್ನು ಚಾಚೂ ತಪ್ಪದೆ ಇಡುತ್ತಾಳೆ. ಅದೂ ಮುಂದಾಳುತನವೇ ಅಲ್ವಾ?

ಹೆಣ್ಣುಮಕ್ಕಳ ಶಾಲೆಯ ದೊಡ್ಡ ಲಾಭ ಒಂದಿದೆ, ನಾವು ಅದನ್ನು ಸರಿಯಾಗಿ ಬಳಸಿಕೊಳ್ಳುವುದಿಲ್ಲ. ಇಲ್ಲಿ ಎಲ್ಲ ಕೆಲಸವೂ ಹುಡುಗಿಯದೇ. ಕುರ್ಚಿ ಹೊರುವವಳು, ಸೌಂಡ್ ಸಿಸ್ಟಂ ನೋಡಿಕೊಳ್ಳುವವಳು, ದುಡ್ಡಿನ ಲೆಕ್ಕ ಇಡುವವಳು, ಸಭೆ ನಡೆಸುವವಳು, ಎಲ್ಲರೂ ಹುಡುಗಿಯರು. ‘ಅದು ಹುಡುಗರು ಮಾಡಲಿ’ ಅನ್ನಲು ಹುಡುಗರೇ ಇಲ್ಲ. ಹೀಗಿದ್ದೂ ಕಾರ್ಯಕ್ರಮ ಬಂದರೆ ಸೌಂಡಿಗೆ ಹೊರಗಿನವರು, ಲೆಕ್ಕಕ್ಕೆ ಆಫೀಸಿನವರು, ಹುಡುಗಿಯರಿಗೆ ಉಳಿಯುವುದು ಅಲಂಕಾರ ಮತ್ತು ಸ್ವಾಗತ. ಇದನ್ನು ಬದಲಾಯಿಸಿ. ವೈರ್ ಜೋಡಿಸುವುದನ್ನು ಒಬ್ಬರು ಕಲಿಸಿಕೊಟ್ಟರೆ ಮುಂದಿನ ವರ್ಷ ಹುಡುಗಿಯರೇ ಕಿರಿಯರಿಗೆ ಕಲಿಸುತ್ತಾರೆ.

ಇದೇ ಜಾಗದಲ್ಲಿ ‘ಸೇವೆ’ ಅನ್ನುವ ಮಾತಿನ ಬಗ್ಗೆಯೂ ಸ್ವಲ್ಪ ಎಚ್ಚರ ಬೇಕು. ಸೇವೆಯೇ ನಾಯಕತ್ವ ಅಂತ ಕಥೋಲಿಕ ಶಾಲೆಗಳ ಗೋಡೆಗಳ ಮೇಲೆ ಎಷ್ಟು ಸಲ ಓದಿದ್ದೇನೋ. ಯೊವಾನ್ನನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಯೇಸು ಶಿಷ್ಯರ ಕಾಲು ತೊಳೆಯುವ ಪ್ರಸಂಗ ಇದರ ಬೇರು. ಆದರೆ ಹೆಣ್ಣುಮಕ್ಕಳ ವಿಷಯಕ್ಕೆ ಬಂದಾಗ ಈ ಮಾತು ಸುಲಭವಾಗಿ ಜಾರುತ್ತದೆ. ಟ್ರೇ ಹಿಡಿ, ನಗುತ್ತಾ ಇರು, ಬೇಜಾರಾದರೂ ಹೇಳಬೇಡ ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಆ ಪ್ರಸಂಗವನ್ನು ಇನ್ನೊಮ್ಮೆ ಓದಿ. ‘ನೀವು ನನ್ನನ್ನು ಗುರು, ಪ್ರಭು ಎನ್ನುತ್ತೀರಿ, ಅದು ಸರಿಯೇ’ ಅಂತ ಯೇಸು ಅಲ್ಲಿ ಹೇಳುತ್ತಾರೆ. ಅಧಿಕಾರ ಇದ್ದವರು ಬಗ್ಗಿದರು ಅನ್ನುವುದೇ ಆ ಕಥೆಯ ಜೀವ. ಯಾವ ಅಧಿಕಾರವೂ ಇಲ್ಲದ ಹುಡುಗಿಯನ್ನು ಇನ್ನಷ್ಟು ಬಗ್ಗಿಸಿದರೆ ಆ ಕಥೆ ತಲೆಕೆಳಗಾಗುತ್ತದೆ.

‘ನಮ್ಮ ಹುಡುಗಿಯರು ವಿಧೇಯರು’ ಅಂತ ಹೆಮ್ಮೆ ಪಡುವವರಿಗೆ ನಾನು ಮೇರಿ ವಾರ್ಡ್ ಕಥೆ ಹೇಳುತ್ತೇನೆ. ಇಂಗ್ಲೆಂಡಿನವರು, ಹುಟ್ಟಿದ್ದು 1585ರಲ್ಲಿ. 1609ರಲ್ಲಿ ಈಗಿನ ಫ್ರಾನ್ಸಿನ ಸೇಂಟ್ ಓಮೇರ್ ಅನ್ನುವ ಊರಿನಲ್ಲಿ ಹೆಂಗಸರ ಒಂದು ಸಮುದಾಯ ಕಟ್ಟಿ ಹುಡುಗಿಯರಿಗೆ ಶಾಲೆ ಶುರು ಮಾಡಿದರು. ಮಠದ ಗೋಡೆಯೊಳಗೆ ಮುಚ್ಚಿಕೊಂಡು ಇರುವುದಿಲ್ಲ, ನಮ್ಮನ್ನು ನಾವೇ ನಡೆಸಿಕೊಳ್ಳುತ್ತೇವೆ ಅನ್ನುವುದು ಅವರ ಹಟ. ಅಂದಿನ ಕಥೋಲಿಕ ಧರ್ಮಸಭೆಗೆ ಅದು ನುಂಗಲಾರದ ತುತ್ತಾಯಿತು. 1631ರಲ್ಲಿ ಪೋಪ್ ಎಂಟನೇ ಅರ್ಬನ್ ಆ ಸಂಘವನ್ನು ರದ್ದು ಮಾಡಿದರು, ಮೇರಿ ವಾರ್ಡರನ್ನು ಮ್ಯೂನಿಕ್‌ನ ಒಂದು ಮಠದಲ್ಲಿ ಸೆರೆ ಇಟ್ಟರು. ಅಲ್ಲಿಂದ ಅವರು ನಿಂಬೆರಸದಲ್ಲಿ ಕಾಗದ ಬರೆದು ಗೆಳತಿಯರಿಗೆ ಕಳಿಸುತ್ತಿದ್ದರು. ಬಿಸಿ ತಾಗಿಸಿದರೆ ಅಕ್ಷರ ಕಾಣುತ್ತಿತ್ತು. ಧರ್ಮಸಭೆಯನ್ನು ಬಿಟ್ಟು ಹೋಗಲಿಲ್ಲ, ತಮ್ಮ ಮಾತನ್ನೂ ಬಿಡಲಿಲ್ಲ. ಅವರನ್ನು ಸ್ಥಾಪಕಿ ಅಂತ ರೋಮ್ ಒಪ್ಪಿಕೊಂಡದ್ದು 1909ರಲ್ಲಿ. ಇವತ್ತು ಲೊರೆಟೊ ಹೆಸರಿನಲ್ಲಿ ಹಲವು ದೇಶಗಳಲ್ಲಿ ನಡೆಯುವ ಶಾಲೆಗಳು ಆ ಬಳ್ಳಿಯವೇ. ಕಥೋಲಿಕ ಹೆಣ್ಣುಮಕ್ಕಳ ಶಾಲೆಯ ಇತಿಹಾಸದಲ್ಲೇ ಇಷ್ಟು ಗಟ್ಟಿ ಹೆಂಗಸು ಇರುವಾಗ ಪ್ರಶ್ನೆ ಕೇಳುವ ಹುಡುಗಿಯನ್ನು ಕಂಡು ನಾವು ಯಾಕೆ ಗಾಬರಿಯಾಗಬೇಕು? ಒಪ್ಪಿಗೆಯಿಲ್ಲ ಅನ್ನುವುದನ್ನು ಮರ್ಯಾದೆಯಿಂದ, ಕಾರಣ ಕೊಟ್ಟು, ಬರಹದಲ್ಲಿ ಹೇಳುವುದನ್ನು ಕಲಿಸಿ.

ಧರ್ಮದ ವಿಷಯಕ್ಕೆ ಬರುತ್ತೇನೆ. ನೀವು ಕಥೋಲಿಕಳಲ್ಲ ಅನ್ನುವ ಸಂಕೋಚ ಬೇಡ. ಜಗತ್ತಿನ ಕಥೋಲಿಕ ಬಿಷಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ಶಿಕ್ಷಣದ ಬಗ್ಗೆ ಒಂದು ಘೋಷಣೆಯನ್ನೂ, ಬೇರೆ ಧರ್ಮಗಳ ಬಗ್ಗೆ ಗೌರವದ ಇನ್ನೊಂದು ಘೋಷಣೆಯನ್ನೂ ಒಂದೇ ದಿನ, 1965ರ ಅಕ್ಟೋಬರ್ 28ರಂದು ಹೊರಡಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಮತ್ತೊಂದು ಘೋಷಣೆ, ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದು ಅಂತ ಹೇಳಿತು. ಇದನ್ನು ದಿನದ ಕೆಲಸಕ್ಕೆ ಇಳಿಸಿದರೆ ಹೀಗೆ. ಚಾಪೆಲ್ ನೋಡಿಕೊಳ್ಳುವ, ಬಲಿಪೂಜೆಗೆ (ಮಾಸ್) ಸಿದ್ಧತೆ ಮಾಡುವ ಹುದ್ದೆ ಕಥೋಲಿಕ ಹುಡುಗಿಯದಾಗಿರುವುದು ಸಹಜ. ಹೆಡ್ ಗರ್ಲ್, ಹೌಸ್ ಕ್ಯಾಪ್ಟನ್, ಸೇವಾ ತಂಡ ಇವೆಲ್ಲ ಎಲ್ಲರಿಗೂ ತೆರೆದಿರಬೇಕು, ತೆರೆದಿದೆ ಅಂತ ಬರಹದಲ್ಲೂ ಇರಬೇಕು. ಬೇರೆ ಧರ್ಮದ ಹುಡುಗಿಗೆ ಪ್ರಾರ್ಥನೆ ಓದಲು ಕೊಡುವ ಮುಂಚೆ ‘ಈ ಸಾಲು ನಿನ್ನ ಬಾಯಲ್ಲಿ ಹೇಳಲು ಒಪ್ಪಿಗೆಯಾ?’ ಅಂತ ಒಮ್ಮೆ ಕೇಳಿ. ಬೇಡ ಅಂದರೆ ಬೇರೊಂದು ಭಾಗ ಕೊಡಿ, ಯಾಕೆ ಅಂತ ಕೆದಕಬೇಡಿ. ಹಾಗಂತ ಎಲ್ಲರಿಗೂ ಹಿಡಿಸಲಿ ಅಂತ ಪ್ರಾರ್ಥನೆಯನ್ನು ತೆಳ್ಳಗೆ ಮಾಡಿ ಮಾಡಿ ಸಪ್ಪೆ ಮಾಡುವುದೂ ನನಗೆ ಇಷ್ಟವಿಲ್ಲ. ಶಾಲೆ ತನ್ನ ನಂಬಿಕೆಯನ್ನು ಮುಚ್ಚಿಡದೆ ಹೇಳಲಿ, ಕೇಳುವವರನ್ನು ಒತ್ತಾಯ ಮಾಡದಿರಲಿ. ಮಕ್ಕಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಸಮಾಜಸೇವೆ ಅಂದ ತಕ್ಷಣ ಮಂಡಳಿಗೆ ಹೊಳೆಯುವುದು ಹಳೆ ಬಟ್ಟೆ ಸಂಗ್ರಹ, ಅನಾಥಾಶ್ರಮಕ್ಕೆ ಭೇಟಿ, ಒಂದು ಫೋಟೋ. ಅದರ ಬದಲು ಬೆಲ್ಜಿಯಂನ ಜೋಸೆಫ್ ಕಾರ್ಡೈನ್ ಅನ್ನುವ ಪಾದ್ರಿ ಕಲಿಸಿದ ದಾರಿ ಹಿಡಿಯಿರಿ. 1925ರಲ್ಲಿ ಯುವ ಕಾರ್ಮಿಕರ ಸಂಘಟನೆ ಕಟ್ಟಿದವರು ಅವರು. ನೋಡು, ತೂಗಿ ನೋಡು, ಮಾಡು, ಈ ಮೂರೇ ಹೆಜ್ಜೆ. 1961ರಲ್ಲಿ ಪೋಪ್ ಇಪ್ಪತ್ತಮೂರನೇ ಜಾನ್ ತಮ್ಮ ಪತ್ರವೊಂದರಲ್ಲಿ ಇದನ್ನು ಎಲ್ಲರಿಗೂ ಹೇಳಿದರು.

ಒಂದು ಶಾಲೆಯ ಹುಡುಗಿಯರು ನೋಡಲು ಹೊರಟದ್ದು ತಮ್ಮದೇ ಟಾಯ್ಲೆಟ್‌ಗಳನ್ನು. ಬುಟ್ಟಿಗೆ ಮುಚ್ಚಳ ಇರಲಿಲ್ಲ. ಪ್ಯಾಡುಗಳನ್ನು ಸುತ್ತದೆ ಎಸೆದಿದ್ದರು, ಕೆಲವು ಬುಟ್ಟಿಯ ಹೊರಗೇ ಬಿದ್ದಿದ್ದವು. ಬೆಳಿಗ್ಗೆ ಶುಚಿ ಮಾಡುವ ಅಮ್ಮ ಅವನ್ನು ಬರಿಗೈಯಲ್ಲಿ ಎತ್ತುತ್ತಿದ್ದರು. ಹುಡುಗಿಯರು ಅವರ ಜೊತೆ ಕೂತು ಮಾತಾಡಿದರು. ಇದು ಯಾರ ತಪ್ಪು, ದುಡಿಯುವ ಮನುಷ್ಯರ ಘನತೆ ಅಂದರೆ ಏನು ಅಂತ ತರಗತಿಯಲ್ಲಿ ಚರ್ಚೆ ಆಯಿತು. ಆಮೇಲೆ ಮುಚ್ಚಳದ ಬುಟ್ಟಿ, ಪಕ್ಕದಲ್ಲಿ ಸುತ್ತಲು ಹಳೆ ಪೇಪರ್, ಅಮ್ಮನಿಗೆ ಗ್ಲೌಸ್ ಕೇಳಿ ಆಫೀಸಿಗೆ ಒಂದು ಅರ್ಜಿ. ಚಿಕ್ಕ ತರಗತಿಗಳಿಗೆ ಹೋಗಿ ನಾಚಿಕೊಳ್ಳದೆ ವಿವರಿಸಿ ಹೇಳಿದವರೂ ಅವರೇ. ಟೀಚರ್ ಹೇಳಿದ್ದರೆ ಅರ್ಧ ಮಕ್ಕಳು ತಲೆ ತಗ್ಗಿಸಿ ಕೂತಿರುತ್ತಿದ್ದರು. ಇಲ್ಲಿ ಪ್ರಶ್ನೆಗಳು ಬಂದವು. ಫೋಟೋ ತೆಗೆಯುವಂಥದ್ದು ಏನೂ ಇರಲಿಲ್ಲ, ಬಿಡಿ.

ಸಭೆಗಳ ಬಗ್ಗೆ ಎರಡು ಮಾತು. ದಿನ ನಿಗದಿ ಮಾಡಿ, ನಡಾವಳಿ ಬರೆಸಿ, ಚಿಕ್ಕ ಮೊತ್ತವಾದರೂ ಅವರ ಕೈಗೇ ಕೊಡಿ. ಸಭೆಯಲ್ಲಿ ಎಲ್ಲರಿಗಿಂತ ಚಿಕ್ಕ ತರಗತಿಯವಳು ಮೊದಲು ಮಾತಾಡಲಿ. ಬೆನೆಡಿಕ್ಟರ ನಿಯಮಾವಳಿಯ ಮೂರನೇ ಅಧ್ಯಾಯ ಇದಕ್ಕೆ ಆಧಾರ. ದೇವರು ಎಷ್ಟೋ ಸಲ ಒಳ್ಳೆಯದನ್ನು ಕಿರಿಯರಿಗೇ ತೋರಿಸಿಕೊಡುತ್ತಾನೆ, ಹಾಗಾಗಿ ಎಲ್ಲರನ್ನೂ ಕರೆದು ಕೇಳಿ ಅಂತ ಅಲ್ಲಿದೆ. ಹೆಡ್ ಗರ್ಲ್ ಮೊದಲು ಬಾಯಿ ಬಿಟ್ಟರೆ ಉಳಿದವರು ‘ಹೌದು’ ಅನ್ನುತ್ತಾರೆ, ಸಭೆ ಮುಗಿದುಹೋಗುತ್ತದೆ. ಮಂಡಳಿಯಿಂದ ಹೋದ ಮನವಿಗೆ ಆಫೀಸಿನಿಂದ ಇಂತಿಷ್ಟು ದಿನದೊಳಗೆ ಉತ್ತರ ಬರಬೇಕು ಅನ್ನುವುದನ್ನೂ ಒಪ್ಪಿಸಿಕೊಳ್ಳಿ. ಉತ್ತರ ‘ಇಲ್ಲ’ ಆಗಿದ್ದರೂ ಸರಿ, ಕಾರಣ ಇರಲಿ. ಮಕ್ಕಳು ‘ಇಲ್ಲ’ ಅನ್ನುವುದನ್ನು ತಡೆದುಕೊಳ್ಳುತ್ತಾರೆ. ಉತ್ತರವೇ ಬಾರದಿದ್ದಾಗ ಕೇಳುವುದನ್ನೇ ಬಿಟ್ಟುಬಿಡುತ್ತಾರೆ.

ಎಲ್ಲಿಂದ ಶುರು ಮಾಡಲಿ ಅಂದಿರಿ. ಈ ವಾರ ಒಂದು ಹಾಳೆ ತೆಗೆದುಕೊಂಡು ಮಂಡಳಿ ತಾನೇ ತೀರ್ಮಾನಿಸಬಹುದಾದ ಮೂರು ವಿಷಯ ಬರೆಯಿರಿ. ವಾರಕ್ಕೊಂದು ಅಸೆಂಬ್ಲಿ, ಹೊಸ ಹುಡುಗಿಯರಿಗೆ ಅಕ್ಕಂದಿರ ಜೋಡಣೆ, ಒಂದು ಚಿಕ್ಕ ನಿಧಿಯ ಖರ್ಚು. ಮೂರನೆಯದಕ್ಕೆ ಪ್ರಿನ್ಸಿಪಾಲ್ ಬಹುಶಃ ಬೇಡ ಅಂತ ತಲೆ ಅಲ್ಲಾಡಿಸುತ್ತಾರೆ. ಜಗಳ ಮಾಡಬೇಡಿ. ಒಂದು ಅವಧಿಯ ಲೆಕ್ಕ ಚೆನ್ನಾಗಿ ಇಟ್ಟು ತೋರಿಸುತ್ತೇವೆ, ಆಮೇಲೆ ನೋಡೋಣ ಅನ್ನಿ. ಮೊದಲ ಎರಡಕ್ಕೆ ಸಹಿ ಹಾಕಿಸಿಕೊಂಡು ಬನ್ನಿ. ಹೆಸರು ಬರೆಯುವ ಪುಸ್ತಕವನ್ನು ಅದೇ ದಿನ ವಾಪಸ್ ತೆಗೆದುಕೊಳ್ಳಿ, ಅದರಲ್ಲಿ ಖಾಲಿ ಹಾಳೆಗಳು ಉಳಿದಿದ್ದರೆ ಸಭೆಯ ನಡಾವಳಿಗೆ ಆಗುತ್ತವೆ.